ವಿಳಾಸ ಕಳೆದುಕೊಂಡ ವಸ್ತುಗಳು

ಬೆಂಕಿಪೊಟ್ಟಣದ ಚೀಟಿ, ಅಜ್ಜಿಯ ಕಾಲದ ಮೈಸೂರು ರೇಷ್ಮೆ, ರವಿವರ್ಮನ ಲಕ್ಷ್ಮಿಯ ಪಟ, ಚಂದಮಾಮದ ಮುಖಪುಟ, ಸೋಪಿನ ಜಾಹೀರಾತಿನ ಎನಾಮೆಲ್ ಬೋರ್ಡು, ಗ್ರಾಮಫೋನ್ ಪ್ಲೇಟು. ಇಂಥವುಗಳ ಹುಚ್ಚು ಹಿಡಿದವರು ಹಿಂದೆಲ್ಲ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಇರಬೇಕಿತ್ತು. ಕೈಯಲ್ಲಿ ಕಾಸಿದ್ದವರು ಮುಂಬಯಿಯ ಚೋರ್ ಬಜಾರಿಗೋ, ಚೆಟ್ಟಿನಾಡಿನ ದೊಡ್ಡ ಮನೆಗಳ ಸಾಮಾನು ಬಂದು ಬೀಳುವ ಕಾರೈಕುಡಿಯ ಅಂಗಡಿ ಬೀದಿಗೋ ಹೋಗಿ ಬರುತ್ತಿದ್ದರು. ಈಗ ಅದೆಲ್ಲ ಮೊಬೈಲಿಗೇ ಬಂದಿದೆ. ಇನ್‌ಸ್ಟಾಗ್ರಾಮಿನ ಸಣ್ಣ ಅಂಗಡಿಗಳು, ಫೇಸ್‌ಬುಕ್ಕಿನ ಸಂಗ್ರಾಹಕರ ಗುಂಪುಗಳು, ರಾತ್ರಿ ಹೊತ್ತು ಹರಾಜು ನಡೆಸುವ ವಾಟ್ಸ್‌ಆಪ್ ಬಳಗಗಳು, ಇಬೇ, ಎಟ್ಸಿ. ಧಾರವಾಡದಲ್ಲಿ ಕುಳಿತವರು ಕೋಲ್ಕತ್ತದ ಅಟ್ಟದಿಂದ ಇಳಿದ ಪಟವನ್ನು ಊಟದ ಬಿಡುವಿನಲ್ಲಿ ಕೊಳ್ಳಬಹುದು.

ಇದರಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. ರದ್ದಿಗೆ ಹೋಗುತ್ತಿದ್ದ ಎಷ್ಟೋ ಕಾಗದ, ಒಲೆಗೆ ಹೋಗುತ್ತಿದ್ದ ಎಷ್ಟೋ ಮರದ ಗೊಂಬೆ ಇವತ್ತು ಉಳಿದಿರುವುದು ಅದನ್ನು ಕೊಳ್ಳುವವರು ಎಲ್ಲೋ ಇದ್ದಾರೆ ಎಂಬ ಸುದ್ದಿ ಗುಜರಿಯವರಿಗೆ ತಲುಪಿದ್ದರಿಂದ. ಆದರೆ ವಸ್ತು ಉಳಿಯುತ್ತಿರುವ ಹಾಗೆಯೇ ಅದರ ವಿಳಾಸ ಹೋಗುತ್ತಿದೆ. ಯಾವ ಊರಿನ, ಯಾರ ಮನೆಯದು, ಯಾತಕ್ಕೆ ಕೊಂಡಿದ್ದು, ಯಾರು ಮಾಡಿದ್ದು ಎಂಬ ತಿಳಿವಳಿಕೆ ಮನೆಯಿಂದ ಗುಜರಿಗೆ, ಗುಜರಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಆನ್‌ಲೈನ್ ಅಂಗಡಿಗೆ ಹೋಗುವಷ್ಟರಲ್ಲಿ ಸೋರಿಹೋಗಿರುತ್ತದೆ. ಪ್ರತಿ ಹಂತದಲ್ಲೂ ಫೋಟೋ ಚೆನ್ನಾಗುತ್ತದೆ, ವಿವರ ಚಿಕ್ಕದಾಗುತ್ತದೆ. ಕೊನೆಗೆ ಉಳಿಯುವುದು ವಿಂಟೇಜ್, ರೇರ್ ಎಂಬ ಎರಡು ಪದ ಮತ್ತು ಬೆಲೆ. ಈ ಇಡೀ ವ್ಯವಹಾರದಲ್ಲಿ ನನ್ನನ್ನು ಹೆಚ್ಚು ಕಾಡುವುದು ನಕಲಿಯೂ ಅಲ್ಲ, ದುಬಾರಿ ಬೆಲೆಯೂ ಅಲ್ಲ, ಈ ಸೋರಿಕೆ.

ಪೇಟೆ ಬೆಳೆದ ಬಗೆ ಸಂಕ್ಷೇಪವಾಗಿ ಹೀಗೆ. 1995ರಲ್ಲಿ ಅಮೆರಿಕದಲ್ಲಿ ಪಿಯೆರ್ ಒಮಿಡ್ಯಾರ್ ಶುರು ಮಾಡಿದ ಹರಾಜುಕಟ್ಟೆ ಮುಂದೆ ಇಬೇ ಆಯಿತು. 2004ರಲ್ಲಿ ಅದು ನಮ್ಮ ಬಾಜೀ ಡಾಟ್ ಕಾಮನ್ನು ಕೊಂಡು ಭಾರತಕ್ಕೆ ಬಂತು. ನಾಣ್ಯ, ಅಂಚೆಚೀಟಿಗಳಾಚೆಗೂ ಹಳೆಯ ಕಾಗದಕ್ಕೆ ಗಿರಾಕಿ ಇದ್ದಾರೆಂದು ಇಲ್ಲಿನ ಅನೇಕ ಚಿಲ್ಲರೆ ವ್ಯಾಪಾರಿಗಳಿಗೆ ಗೊತ್ತಾದದ್ದು ಆ ಕಾಲದಲ್ಲಿ. ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಅಷ್ಟರಲ್ಲಿ ವ್ಯಾಪಾರ ಸಾಮಾಜಿಕ ಜಾಲತಾಣಗಳಿಗೆ ಜಾರಿತ್ತು. 2020ರ ಲಾಕ್‌ಡೌನಿನಲ್ಲಿ ಹಳೆ ಬಟ್ಟೆ ಮಾರುವ ಥ್ರಿಫ್ಟ್ ಅಂಗಡಿಗಳು ಇನ್‌ಸ್ಟಾಗ್ರಾಮಿನಲ್ಲಿ ಸಾಲುಸಾಲಾಗಿ ಹುಟ್ಟಿಕೊಂಡವು. 2005ರಲ್ಲಿ ಬ್ರೂಕ್ಲಿನ್ನಿನಲ್ಲಿ ಶುರುವಾದ ಎಟ್ಸಿ, ಕನಿಷ್ಠ 20 ವರ್ಷ ಹಳೆಯದಾಗಿದ್ದರೆ ಮಾತ್ರ ವಿಂಟೇಜ್ ಎಂಬ ನಿಯಮ ಇಟ್ಟುಕೊಂಡಿದೆ. ನಮ್ಮ ಜಾಲತಾಣದ ಅಂಗಡಿಗಳಲ್ಲಿ ಆ ಮಟ್ಟದ ಕಟ್ಟುಪಾಡೂ ಇಲ್ಲ.

ಚಿಕ್ಕದರಿಂದ ಶುರು ಮಾಡೋಣ. ಬೆಂಕಿಪೊಟ್ಟಣದ ಚೀಟಿಯಷ್ಟು ಅಗ್ಗದ, ಅಷ್ಟೇ ಲವಲವಿಕೆಯ ಚಿತ್ರಕಲೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಒಂದು ಶತಮಾನದ ಹಿಂದೆ ಇಲ್ಲಿ ಉರಿಯುತ್ತಿದ್ದ ಕಡ್ಡಿಗಳು ಸ್ವೀಡನ್, ಆಸ್ಟ್ರಿಯಾ, ಜಪಾನುಗಳಿಂದ ಬರುತ್ತಿದ್ದವು. ಕೃಷ್ಣನನ್ನಾಗಲಿ ಸರಸ್ವತಿಯನ್ನಾಗಲಿ ಎಂದೂ ಕಾಣದ ಅಲ್ಲಿನ ಅಚ್ಚುಕೂಟಗಳು ನಮ್ಮ ಗಿರಾಕಿಗಾಗಿ ದೇವರುಗಳನ್ನು ಚೀಟಿಯ ಮೇಲೆ ಮುದ್ರಿಸಿ ಕಳಿಸುತ್ತಿದ್ದವು. 1923ರಲ್ಲಿ ಸ್ವೀಡನ್ನಿನ ಕಂಪನಿ ಇಲ್ಲೇ ವಿಮ್ಕೊ ಎಂಬ ಬೆಂಕಿಪೊಟ್ಟಣದ ಕಂಪನಿ ಸ್ಥಾಪಿಸಿತು. ಅದೇ ಹೊತ್ತಿಗೆ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಕಡ್ಡಿ ಮಾಡುವುದನ್ನು ಕಲಿತು ಬಂದರು. ಆಮೇಲೆ ಹಡಗು, ಚಿರತೆ, ಗಿಳಿ, ಕೀಲಿಕೈ, ಸಿನಿಮಾ ತಾರೆ, ರಾಕೆಟ್ ಎಲ್ಲವೂ ಆ ಅಂಗೈ ಮೂಲೆಯಷ್ಟು ಕಾಗದದ ಮೇಲೆ ಬಂದವು. ಪೊಟ್ಟಣ ತೆಳು ಮರದ ಹಲಗೆಯದಾಗಿದ್ದಾಗ ಚೀಟಿಯನ್ನು ಬೇರೆಯಾಗಿ ಅಂಟಿಸುತ್ತಿದ್ದರು, ಸಂಗ್ರಹಿಸುವವರು ನೀರಲ್ಲಿ ನೆನೆಸಿ ಬಿಡಿಸಿಕೊಳ್ಳುತ್ತಿದ್ದರು. ರಟ್ಟಿನ ಪೊಟ್ಟಣ ಬಂದ ಮೇಲೆ ಚಿತ್ರ ನೇರ ರಟ್ಟಿನ ಮೇಲೇ ಅಚ್ಚಾಯಿತು. ಹಾಗಾಗಿ ಬಿಡಿ ಚೀಟಿ ಕಂಡರೆ ಅದು ಮರದ ಪೊಟ್ಟಣದ ಕಾಲದ್ದು ಎಂದು ಮೊದಲ ಊಹೆ ಮಾಡಬಹುದು. ಇಲ್ಲೇ ಇಂದಿನ ತೊಡಕೂ ಇದೆ: ಆನ್‌ಲೈನಿನಲ್ಲಿ ನೂರು ಚೀಟಿಗಳ ಕಟ್ಟು ಎಂದು ಮಾರುವಾಗ ಯಾವುದು ಹಳೆಯದು, ಯಾವುದು ಹಳೆಯದರ ಹೊಸ ಅಚ್ಚು, ಯಾವ ಊರಿನ ಕಾರ್ಖಾನೆಯದು ಎಂಬುದೆಲ್ಲ ಕಲಸಿಹೋಗಿರುತ್ತದೆ. ಪೊಟ್ಟಣದ ಬೆಲೆ ಒಂದು ರೂಪಾಯಿಯಿಂದ ಎರಡು ರೂಪಾಯಿಗೆ ಏರಿದ್ದು 2021ರ ಡಿಸೆಂಬರಿನಲ್ಲಿ. ಒಂದು ರೂಪಾಯಿ ಎಂದು ಅಚ್ಚಾದ ಪೊಟ್ಟಣಗಳೂ ಈಗಾಗಲೇ ಹಳೆಯ ವಸ್ತುಗಳ ಸಾಲಿಗೆ ಸೇರುತ್ತಿವೆ. ಸಂಗ್ರಹ ಶುರು ಮಾಡುವವರಿಗೆ ಬೆಂಕಿಪೊಟ್ಟಣಕ್ಕಿಂತ ಒಳ್ಳೆಯ ಜಾಗ ನನಗೆ ತೋಚದು.

ಬೆಂಕಿಪೊಟ್ಟಣದ ಚೀಟಿಯ ದೊಡ್ಡಕ್ಕನಂತೆ ಇರುವುದು ಬಟ್ಟೆಯ ತಾನಿಗೆ ಅಂಟಿಸುತ್ತಿದ್ದ ಟೀಕಾ. ಮ್ಯಾಂಚೆಸ್ಟರಿನ ಗಿರಣಿಗಳ ಬಟ್ಟೆ ಹಡಗೇರಿ ಭಾರತಕ್ಕೆ ಬರುವಾಗ ಪ್ರತಿ ತಾನಿನ ಮೇಲೂ ಬಣ್ಣಬಣ್ಣದ ಒಂದು ಚೀಟಿ ಇರುತ್ತಿತ್ತು. ಓದಲು ಬಾರದ ಗಿರಾಕಿ ಆನೆ ಛಾಪು, ಹುಲಿ ಛಾಪು ಎಂದು ಚಿತ್ರ ನೋಡಿ ಬಟ್ಟೆ ಕೇಳುತ್ತಿದ್ದ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ಈ ಚೀಟಿಗಳದ್ದೇ ಒಂದು ಪ್ರದರ್ಶನವನ್ನು 2025ರಲ್ಲಿ ನಡೆಸಿತು. ಬಟ್ಟೆ ಹರಿದು ಚಿಂದಿಯಾಗಿ ಎಷ್ಟೋ ದಶಕಗಳಾದವು, ಅದರ ಮೇಲಿನ ಚೀಟಿ ಗಾಜಿನ ಹಿಂದೆ ಕೂತಿದೆ. ವಸಾಹತು ವ್ಯಾಪಾರ ಹೇಗೆ ನಡೆಯಿತು, ಯಾವ ದೇವರು ಯಾವ ಪೇಟೆಯಲ್ಲಿ ಮಾರಾಟವಾದ ಎಂಬುದನ್ನು ಆ ಚೀಟಿಗಳಿಂದ ಓದಲು ಸಾಧ್ಯವಾಗುವುದು ಅವುಗಳ ಮೇಲೆ ಕಂಪನಿಯ ಹೆಸರು, ಕೆಲವೊಮ್ಮೆ ಇಲ್ಲಿನ ವರ್ತಕರ ಹೆಸರು ಅಚ್ಚಾಗಿರುವುದರಿಂದ. ವಿಳಾಸ ವಸ್ತುವಿನ ಮೈಮೇಲೇ ಉಳಿದುಬಂದ ಅಪರೂಪದ ಉದಾಹರಣೆ ಇದು.

ರವಿವರ್ಮನ ಪಟಗಳದೂ ಒಂದು ಮಟ್ಟಿಗೆ ಹಾಗೆಯೇ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಮುದ್ರಣಾಲಯ ಕೆಲವೇ ವರ್ಷಗಳಲ್ಲಿ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. 1903ರಲ್ಲಿ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅದನ್ನು ಕೊಂಡ. 1972ರಲ್ಲಿ ಬೆಂಕಿ ಬಿದ್ದು ಮುದ್ರಣಾಲಯ ಸುಟ್ಟುಹೋಗುವವರೆಗಿನ ಚರಿತ್ರೆಯಲ್ಲಿ ನಮ್ಮ ದೇವರ ಮನೆಗಳ ಮುಖಚರ್ಯೆಯೇ ಬದಲಾಯಿತು. ಪಟದ ಕೆಳ ಅಂಚಿನಲ್ಲಿ ಚಿತ್ರದ ಹೆಸರು, ಮುದ್ರಣಾಲಯದ ಹೆಸರು, ಊರು ಇರುತ್ತವೆ. ಕಟ್ಟು ಹಾಕಿಸುವಾಗ ಆ ಅಂಚನ್ನೇ ಕತ್ತರಿಸಿದ ಪಟಗಳು ಎಷ್ಟೋ. ಕೆಲವು ಮನೆಗಳಲ್ಲಿ ಹೆಂಗಸರು ದೇವಿಯ ಸೀರೆಯ ಮೇಲೆ ಜರಿ, ಮಿಂಚಿನ ಬಿಲ್ಲೆ, ಮಣಿ ಅಂಟಿಸಿ ಸಿಂಗರಿಸಿರುತ್ತಿದ್ದರು. ಅಂಥ ಪಟ ಎರಡು ಕೈಗಳ ಕೆಲಸ, ಒಂದು ಮುದ್ರಣಾಲಯದ್ದು, ಇನ್ನೊಂದು ಹೆಸರಿಲ್ಲದ ಗೃಹಿಣಿಯದು. ಮಾರಾಟದ ವಿವರದಲ್ಲಿ ಮೊದಲನೆಯದು ಮಾತ್ರ ಬರುತ್ತದೆ. ಆ ಎರಡನೆಯ ಕೈ ಯಾವ ಊರಿನದು ಎಂದು ಗೊತ್ತಿದ್ದರೆ ಕರ್ನಾಟಕದ, ಮಹಾರಾಷ್ಟ್ರದ, ತಮಿಳುನಾಡಿನ ಸಿಂಗಾರದ ರೀತಿಗಳನ್ನು ಹೋಲಿಸಿ ನೋಡಬಹುದಿತ್ತು.

ನಕಲಿ ಹೆಚ್ಚಿರುವುದೂ ಇಲ್ಲೇ. ಹಳೆಯ ಪಟದ ಸ್ಕ್ಯಾನ್ ತೆಗೆದು, ಮಾಸಲು ಕಾಗದದ ಮೇಲೆ ಮುದ್ರಿಸಿ, ಚಹಾ ಬಣ್ಣ ಕೊಟ್ಟು, ಹಳೆ ಕಟ್ಟಿನೊಳಗೆ ಕೂರಿಸಿದರೆ ಮೊಬೈಲಿನ ಫೋಟೋದಲ್ಲಿ ಯಾರಿಗೂ ತಿಳಿಯದು. ಕೈಗೆ ಬಂದ ಮೇಲೆ ಒಂದು ಭೂತಗನ್ನಡಿ ಸಾಕು. ಕಲ್ಲಚ್ಚಿನಲ್ಲಿ ಬಣ್ಣ ಅಂಕುಡೊಂಕಾದ, ಕೈಯಿಂದ ಇಟ್ಟ ಚುಕ್ಕಿಗಳಲ್ಲಿ ಹರಡಿರುತ್ತದೆ, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಒಂದೇ ಅಳತೆಯ ಅಂತರದಲ್ಲಿ ಹೂವಿನ ಆಕಾರದಲ್ಲಿ ಸಾಲುಗಟ್ಟಿರುತ್ತವೆ. ಆದ್ದರಿಂದ ದುಡ್ಡು ಕಳಿಸುವ ಮೊದಲೇ ಮುಖದ ಭಾಗದ ತೀರಾ ಹತ್ತಿರದ ಫೋಟೋ, ಕೆಳ ಅಂಚಿನ ಫೋಟೋ, ಕಟ್ಟಿನ ಹಿಂಬದಿಯ ಫೋಟೋ, ಈ ಮೂರನ್ನೂ ಕೇಳಬೇಕು. ಹಿಂಬದಿಯಲ್ಲಿ ಕಟ್ಟು ಹಾಕಿದ ಅಂಗಡಿಯ ಚೀಟಿ ಇದ್ದರೆ ಊರಿನ ಸುಳಿವು ಸಿಗುತ್ತದೆ. ಕೊಂಡವರು ಮೊದಲು ಮಾಡುವ ಕೆಲಸ ಆ ಹಳೇ ಕಟ್ಟು ಬಿಚ್ಚಿ ಎಸೆಯುವುದು! ಹಾಗೆ ಮಾಡಬಾರದು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಚಿತ್ರ ಬರೆದು ದೊಡ್ಡ ಹೆಸರಾದ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳಿಗೂ ಇದೇ ಮಾತು. ಕ್ಯಾಲೆಂಡರಿನ ಕೆಳಗಿದ್ದ ತಿಂಗಳ ಹಾಳೆ, ಹಂಚಿದ ಅಂಗಡಿಯ ಹೆಸರು ಎರಡನ್ನೂ ಹರಿದು ಚಿತ್ರ ಮಾತ್ರ ಉಳಿಸಿದಾಗ ವರ್ಷವೂ ಊರೂ ಒಟ್ಟಿಗೇ ಹೋದಂತೆ.

ಸೀರೆಯ ವಿಷಯಕ್ಕೆ ಬಂದರೆ ನಷ್ಟದ ರೀತಿಯೇ ಬೇರೆ. ಕಾಗದದ ಶತ್ರು ಗೆದ್ದಲು. ಜರಿ ಸೀರೆಯ ಶತ್ರು ಬೆಳ್ಳಿಯ ದರ. ಶುದ್ಧ ಜರಿ ಎಂದರೆ ರೇಷ್ಮೆ ನೂಲಿನ ಸುತ್ತ ಸುತ್ತಿದ ಬೆಳ್ಳಿಯ ತೆಳು ಪಟ್ಟಿ, ಅದರ ಮೇಲೆ ಚಿನ್ನದ ಲೇಪ. ಇಂದಿನ ಮೈಸೂರು ರೇಷ್ಮೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಇರುತ್ತದೆಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವೇ ಹೇಳುತ್ತದೆ. ಹಳೆ ಜರಿ ಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರು, ಊರಿನ ಲಾಡ್ಜಿನಲ್ಲಿ ನಾಲ್ಕು ದಿನ ಇದ್ದು ಕರಪತ್ರ ಹಂಚುವವರು ತೂಗುವುದು ಸೀರೆಯನ್ನಲ್ಲ, ಈ ಬೆಳ್ಳಿಯನ್ನು. ಅಂಚು, ಸೆರಗು ಕತ್ತರಿಸಿ ಸುಟ್ಟು ಬೂದಿಯಿಂದ ಲೋಹ ತೆಗೆಯುತ್ತಾರೆ. ಬೆಳ್ಳಿ ಕೆ.ಜಿ.ಗೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಈ ಆಸೆ ಇನ್ನೂ ಹೆಚ್ಚಿದೆ. ಧಾರೆಯಲ್ಲಿ ಉಟ್ಟ ಸೀರೆಯೊಂದು ಕರಗಿಹೋದರೆ ಅದರ ಬಣ್ಣದ ಹೊಂದಾಣಿಕೆ, ಅಂಚಿನ ಅಗಲ, ಹುರಿಯ ರೀತಿ ಮತ್ತೆ ಯಾರಿಗೂ ಸಿಗುವುದಿಲ್ಲ.

ಆನ್‌ಲೈನ್ ಪೇಟೆ ನಿಜವಾಗಿ ಉಪಕಾರ ಮಾಡಿರುವುದು ಇಲ್ಲಿ. ಸೀರೆಯನ್ನು ಸೀರೆಯಾಗಿಯೇ ಕೊಳ್ಳುವವರು ಸಿಕ್ಕರೆ, ಅವರು ಕೊಡುವ ಬೆಲೆ ಬೆಳ್ಳಿಯ ಬೆಲೆಗಿಂತ ಮೇಲಿದ್ದರೆ ಸೀರೆ ಒಲೆಗೆ ಹೋಗುವುದಿಲ್ಲ. ಹಳೆ ಮೈಸೂರು ರೇಷ್ಮೆ ಹುಡುಕಿ ಉಡುವ ಹೆಣ್ಣುಮಕ್ಕಳು ಬೆಂಗಳೂರಿನಲ್ಲಷ್ಟೇ ಅಲ್ಲ, ಹೊರದೇಶದ ಕನ್ನಡಿಗರಲ್ಲೂ ಇದ್ದಾರೆ. ಆ ಸೀರೆಯ ಚರಿತ್ರೆಗೆ ಘನತೆಯೂ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಮೈಸೂರಿನ ಕಾರ್ಖಾನೆ ಶುರುವಾಯಿತು. 2005ರಲ್ಲಿ ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತು ಸಿಕ್ಕಿತು. ಈಗಿನ ನಿಗಮದ ಸೀರೆಗಳಲ್ಲಿ ಸೀರೆಯ ಮೈಮೇಲೇ ಕೋಡ್ ಸಂಖ್ಯೆ ಇರುತ್ತದೆ. ಹಳೆಯವಕ್ಕೆ ಆ ಭಾಗ್ಯವಿಲ್ಲ, ಮಾರುವವರ ಮಾತೇ ಆಧಾರ. ಹಾಗಾಗಿ ಕೊಳ್ಳುವವರು ನೋಡಬೇಕಾದದ್ದು ಬೇರೆ. ಜರಿಯ ಒಂದೆಳೆಯನ್ನು ಉಗುರಲ್ಲಿ ಕೆರೆದರೆ ಒಳಗೆ ರೇಷ್ಮೆ ನೂಲು ಕಾಣಬೇಕು. ತಾಮ್ರದ ಕೆಂಪು ಹೊಳೆದರೆ ಅದು ಪೇಟೆಯಲ್ಲಿ ಟೆಸ್ಟೆಡ್ ಎನ್ನುವ ತಾಮ್ರದ ಜರಿ. ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳುತ್ತದೆ, ಆ ಸೀಳು ಹಾಸಿಗೆಯ ಮೇಲೆ ಹರಡಿ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ತೆಗೆದ ಫೋಟೋ ಕೇಳಬೇಕು. ಬಂದ ಮೇಲೆ ಹಳೆ ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸಬೇಕು. ಇದನ್ನೆಲ್ಲ ನಮ್ಮ ಮನೆಗಳ ಹಿರಿಯ ಹೆಂಗಸರು ಯಾರ ಪಾಠವೂ ಇಲ್ಲದೆ ಮಾಡಿಕೊಂಡು ಬಂದರು.

ಆದರೆ ಅದೇ ಪೇಟೆ ಇನ್ನೊಂದು ಕಡೆಯಿಂದ ಕತ್ತರಿಯನ್ನೂ ತಂದಿದೆ. ಪಾತ್ರೆಗೆ ಹಳೆ ಬಟ್ಟೆ ಪಡೆಯುವ ಗುಜರಾತಿ ಮೂಲದ ವಾಘ್ರಿ ಸಮುದಾಯದ ಹೆಂಗಸರಿಂದ ದೆಹಲಿಯ ಸಗಟು ಪೇಟೆಗೆ, ಅಲ್ಲಿಂದ ದಿಂಬಿನ ಚೀಲವಾಗಿ, ಲಂಗವಾಗಿ ಪ್ರವಾಸಿಗಳ ಅಂಗಡಿಗೆ ಸೀರೆ ಹೋಗುವ ದಾರಿಯನ್ನು ಲೂಸಿ ನಾರಿಸ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞೆ 2010ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಇವತ್ತು ಎಟ್ಸಿಯಲ್ಲಿ, ಇಬೇಯಲ್ಲಿ ಹೊಲಿಗೆ ಕೆಲಸಕ್ಕೆ ವಿಂಟೇಜ್ ಸೀರೆ ಬಟ್ಟೆ ಎಂದು ತುಂಡುಗಳಲ್ಲೂ ಕಟ್ಟುಗಳಲ್ಲೂ ಮಾರುತ್ತಿರುವುದು ಆ ದಾರಿಯ ಮುಂದಿನ ತುದಿ. ಹರಿದ ಸೀರೆ ಕೌದಿಯಾಗುವುದು ನಮ್ಮಲ್ಲಿ ಹೊಸತಲ್ಲ, ಅದನ್ನು ಯಾರೂ ಆಕ್ಷೇಪಿಸಲಾರರು. ಗಟ್ಟಿಮುಟ್ಟಾದ ಸೀರೆಗೆ ಕತ್ತರಿ ಹಾಕುವುದು ಬೇರೆ. ಇಳಕಲ್ ಸೀರೆಯಲ್ಲಿ ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಸೀರೆಯ ಜೀವ ಇರುವುದೇ ಆ ಕೂಡುಗೆರೆಯಲ್ಲಿ. ಸೆರಗನ್ನು ಕತ್ತರಿಸಿ ಚೌಕಟ್ಟಿಗೆ ಹಾಕಿದವರು ಮೊದಲು ತುಂಡರಿಸುವುದು ಅದನ್ನೇ. ಹಳೆಯ ಮಾದರಿ ಇಡಿಯಾಗಿ, ಊರಿನ ಹೆಸರಿನ ಸಮೇತ ಸಿಕ್ಕರೆ ಏನಾಗಬಹುದೆಂಬುದಕ್ಕೆ ಪಟ್ಟೇದ ಅಂಚು ಸೀರೆ ಸಾಕ್ಷಿ. ಮರೆತೇ ಹೋಗಿದ್ದ ಈ ಚೌಕಳಿಯ ಹತ್ತಿ ಸೀರೆಯನ್ನು ಹೇಮಲತಾ ಜೈನ್ ಉತ್ತರ ಕರ್ನಾಟಕದ ಊರುಗಳಲ್ಲಿ ಹುಡುಕಿ, ಗಜೇಂದ್ರಗಡದ ನೇಕಾರರೊಂದಿಗೆ ಮತ್ತೆ ಮಗ್ಗಕ್ಕೆ ಏರಿಸಿದರು. ತುಂಡು ಬಟ್ಟೆಯ ಕಟ್ಟಿನಿಂದ ಇಂಥ ಕೆಲಸ ಆಗಲಾರದು.

ಬಿಡಿಸಿ ಮಾರಿದರೆ ಲಾಭ ಹೆಚ್ಚು ಎಂಬ ಲೆಕ್ಕ ಇಡೀ ಆನ್‌ಲೈನ್ ಪೇಟೆಯನ್ನು ಹಿಡಿದಿರುವ ರೋಗ. ಗಂಜೀಫಾ ಎಂಬ ಹಳೆಯ ಎಲೆಯಾಟ ನೋಡಿ. ದಶಾವತಾರ ಗಂಜೀಫಾ ಎಂದರೆ 120 ಎಲೆಗಳ ಕಟ್ಟು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹಲವು ಬಗೆಯ ಆಟಗಳನ್ನು ರೂಪಿಸಿ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಬರೆಸಿಟ್ಟರು. ನಮ್ಮ ಕಾಲದಲ್ಲಿ ರಘುಪತಿ ಭಟ್ಟರು ಆ ಚಿತ್ರಕಲೆಗೆ ಮತ್ತೆ ಉಸಿರು ಕೊಟ್ಟರು. ಹಳೆಯ ಕಟ್ಟೊಂದು ಸಿಕ್ಕರೆ ಅದರ ಒಂದೊಂದೇ ಎಲೆಯನ್ನು ಪುಟ್ಟ ಚೌಕಟ್ಟಿನಲ್ಲಿ ಇಟ್ಟು ಮಾರುವುದು ಸುಲಭ, ಗೋಡೆಗೂ ಚೆಂದ. ಆದರೆ ಆಮೇಲೆ ಆ ಆಟ ಆಡಲು ಬರುವುದಿಲ್ಲ, ಎಲೆಗಳ ಕ್ರಮ ಕಲಿಯಲು ಬರುವುದಿಲ್ಲ.

ಹಳೆ ಪತ್ರಿಕೆಗಳಿಗೂ ಇದೇ ಗತಿ. 1947ರಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಲ್ಲಿ ಶುರು ಮಾಡಿದ ಚಂದಮಾಮ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಚಿತ್ರಾ, ವಪಾ, ಶಂಕರ್ ಅವರ ಜೊತೆಗೆ ನಮ್ಮ ಎಂ.ಟಿ.ವಿ. ಆಚಾರ್ಯರೂ ಅದರಲ್ಲಿ ಬರೆದರು. ಅವರ ಮಹಾಭಾರತದ ಮುಖಪುಟಗಳನ್ನು ಕಂಡವರು ಮರೆಯುವುದಿಲ್ಲ. ಮುಖಪುಟ ಹರಿದು ಬೇರೆ, ಒಳಗಿನ ಬಣ್ಣದ ಪುಟ ಬೇರೆ, ಹಿಂಬದಿಯ ಜಾಹೀರಾತು ಬೇರೆ ಮಾರಿದರೆ ಒಂದು ಸಂಚಿಕೆಯಿಂದ ಹತ್ತು ಸಂಚಿಕೆಯ ದುಡ್ಡು ಹುಟ್ಟುತ್ತದೆ. ಉಳಿದ ಕಥೆಯ ಹಾಳೆಗಳು ರದ್ದಿಗೆ. ರಾಶಿಯವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಹಾಸ್ಯಪತ್ರಿಕೆ ಕೊರವಂಜಿಯಲ್ಲಿ ಎಳೆಯ ಆರ್.ಕೆ. ಲಕ್ಷ್ಮಣ್ ಬರೆದ ವ್ಯಂಗ್ಯಚಿತ್ರಗಳಿವೆ. ಆ ಚಿತ್ರದ ತುಣುಕನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರೆ ಅದು ಯಾವ ತಿಂಗಳ ಯಾವ ಲೇಖನದ ಮಗ್ಗುಲಲ್ಲಿತ್ತು, ಯುದ್ಧಕಾಲದ ಯಾವ ಅಭಾವವನ್ನು ಕುರಿತದ್ದು ಎಂದು ಹೇಳಲು ಯಾರಿಗೆ ಸಾಧ್ಯ? ಬಿಡಿ ಪುಟ ಕೊಳ್ಳಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು. ಕೊಳ್ಳುವವರಿಲ್ಲದಿದ್ದರೆ ಹರಿಯುವವರೂ ಇರುವುದಿಲ್ಲ.

ಇಂಥ ಹಳೆಯ ಚಿತ್ರಗಳನ್ನು ಕಪ್ಪಿನ ಮೇಲೆ, ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವವರಿಗೂ ಒಂದು ಮಾತು. ಹಳೆಯದೆಲ್ಲ ಸಾರ್ವಜನಿಕ ಸ್ವತ್ತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಚಂದಮಾಮದಲ್ಲಿ ವಿಕ್ರಮ ಬೇತಾಳದ ಚಿತ್ರ ಬರೆದ ಶಂಕರ್ ಕಣ್ಮುಚ್ಚಿದ್ದು 2020ರಲ್ಲಿ. ಆ ಲೆಕ್ಕದಲ್ಲಿ ಅವರ ಚಿತ್ರಗಳ ಹಕ್ಕು 2080ರ ಕೊನೆಯವರೆಗೂ ಇರುತ್ತದೆ. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳಿಗೆ ಈ ತೊಡಕಿಲ್ಲ.

ಸಿನಿಮಾ ಕಾಗದಗಳ ತೂಕ ಬೇರೆ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ನೋಡಲಾಗದ ಚಿತ್ರದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಪತ್ರಿಕೆಯ ತುಣುಕು, ಜಾಹೀರಾತು, ನೆನಪುಗಳಿಂದ ಬಂದದ್ದು. ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ತಾರಾಗಣ, ಕಥಾಸಾರ, ಹಾಡು ಎಲ್ಲ ಇರುತ್ತಿದ್ದವು. ಕೆಲವು ಚಿತ್ರಗಳಿಗೆ ಇಂದು ಅದೊಂದೇ ದಾಖಲೆ. ಇವು ಖಾಸಗಿಯವರ ಬೀರು ಸೇರಿದರೆ ತಪ್ಪಿಲ್ಲ, ಆದರೆ ಸೇರುವ ಮೊದಲು ಒಂದು ಸ್ಕ್ಯಾನ್ ಎಲ್ಲರಿಗೂ ಸಿಗುವ ಕಡೆ ಇರಬೇಕು. ಗ್ರಾಮಫೋನ್ ಪ್ಲೇಟುಗಳ ಲೋಕದಲ್ಲಿ ಇದು ನಡೆದಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಕೊಟ್ಟು ಹೆಸರಾದ ಗಾಯಕಿ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಮುಂದೆ ಹಳೆಯ ಪ್ಲೇಟುಗಳ ಧ್ವನಿಯನ್ನು ಡಿಜಿಟಲ್ ಮಾಡಿ ಅಂತರಜಾಲದಲ್ಲಿ ಕೇಳಲು ಇಟ್ಟರು. ಪ್ಲೇಟು ಯಾರ ಹತ್ತಿರ ಬೇಕಾದರೂ ಇರಲಿ, ಹಾಡು ಎಲ್ಲರದಾಯಿತು. ಗ್ರಾಮಫೋನ್ ಯಂತ್ರ ಕೊಳ್ಳುವವರಿಗೆ ಮಾತ್ರ ಎಚ್ಚರ: ಹೊಳೆಯುವ ಹಿತ್ತಾಳೆ ಕೊಳವೆ, ಎಚ್‌ಎಂವಿ ಚಿತ್ರ ಅಂಟಿಸಿದ ಹೊಸ ಪೆಟ್ಟಿಗೆ ಕಂಡರೆ ಅದು ಬಹುಪಾಲು ಈಚೆಗೆ ಜೋಡಿಸಿದ್ದು.

ಕಾನೂನನ್ನು ತಿಳಿಯದೆ ಈ ಪೇಟೆಗೆ ಇಳಿಯಬಾರದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕುಶಲ ವಸ್ತುಗಳು ಪುರಾವಸ್ತು. ಚಾರಿತ್ರಿಕ, ಸಾಹಿತ್ಯಕ ಮೌಲ್ಯವಿರುವ ಹಸ್ತಪ್ರತಿಗೆ 75 ವರ್ಷ ಸಾಕು. ಅವುಗಳ ವ್ಯಾಪಾರಕ್ಕೆ ಪುರಾತತ್ತ್ವ ಇಲಾಖೆಯ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ತಾಳೆಗರಿ, ಪಂಚಲೋಹದ ಮೂರ್ತಿ, ಮರದ ಭೂತದ ಮುಖಗಳು ಮೊಬೈಲಿನಲ್ಲಿ ಸಾಮಾನ್ಯ ಸಾಮಾನಿನಂತೆ ಮಾರಾಟಕ್ಕಿರುವುದನ್ನು ಕಂಡರೆ ಎದೆ ಝಲ್ ಎನ್ನುತ್ತದೆ. ಯಾವುದೋ ಗುಡಿಯಿಂದ, ಯಾವುದೋ ದೈವಸ್ಥಾನದಿಂದ ಕದ್ದದ್ದಾಗಿರಬಹುದು ಎಂಬ ಶಂಕೆ ಬಂದ ಕೂಡಲೇ ಕೈ ಹಿಂದೆಗೆಯಬೇಕು. ಬೀಟೆ ಮರದ ಮೇಲೆ ದಂತದ ಕುಸುರಿ ಇರುವ ಮೈಸೂರಿನ ಹಳೇ ಪೆಟ್ಟಿಗೆಗಳೂ ಅಪಾಯವೇ, ದಂತದ ವ್ಯಾಪಾರ ವನ್ಯಜೀವಿ ಕಾಯ್ದೆಯಡಿ ನಿಷಿದ್ಧ. ಹಳೆ ನಾಣ್ಯ, ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮುಂಗಡ ಕಮಿಷನ್ ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ವಿಳಾಸದ ಸಮೇತ ಕಾಪಾಡುವುದು ಸಾಧ್ಯವೇ? ಸಾಧ್ಯ. ಮಣಿಪಾಲದ ವಿಜಯನಾಥ ಶೆಣೈ ಅದನ್ನು ಅಂತರಜಾಲ ಇಲ್ಲದ ಕಾಲದಲ್ಲೇ ತೋರಿಸಿದರು. ಉಡುಪಿಯ ಸುತ್ತ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿದ್ದಾಗ ಅವುಗಳ ಕಂಬ, ಬಾಗಿಲು ಕೂಡಿಸಿ ಮೊದಲು ತಾವೇ ಇರಲು ಒಂದು ಮನೆ ಕಟ್ಟಿದರು. ಆಮೇಲೆ ಬೇರೆ ಬೇರೆ ಊರಿನ ಮನೆಗಳನ್ನೇ ಇಡಿಯಾಗಿ ಬಿಚ್ಚಿ ತಂದು ಹಸ್ತಶಿಲ್ಪ ಪರಂಪರೆ ಗ್ರಾಮ ಮಾಡಿದರು. ಕುಕನೂರಿನ ಕಮಲ ಮಹಲು, ಮಿಯಾರಿನ ಮನೆ, ಮುಧೋಳದ ದರ್ಬಾರ್ ಸಭಾಂಗಣ ಎಂದು ಅಲ್ಲಿ ಪ್ರತಿ ಕಟ್ಟಡಕ್ಕೂ ಊರಿನ ಹೆಸರಿದೆ. ಅಂಗಡಿ ಬೀದಿಯಲ್ಲಿ ಹಳೆಯ ಡಬ್ಬಿ, ಬಾಟಲಿ, ಬೋರ್ಡುಗಳು ಅಂಗಡಿಯೊಳಗೇ ಇವೆ, ರವಿವರ್ಮನ ಅಚ್ಚಿನ ಪಟಗಳೂ ಇವೆ. ವಸ್ತು ಎಲ್ಲಿರಬೇಕೋ ಅಲ್ಲೇ ಇಟ್ಟು ತೋರಿಸಬೇಕೆಂಬ ಹಟ ಅವರದು. 2017ರಲ್ಲಿ ಅವರು ತೀರಿಕೊಂಡ ಮೇಲೂ ಆ ಹಟದ ಫಲ ನಿಂತಿದೆ.

ಅಂತರಜಾಲದಲ್ಲೂ ಆ ದಾರಿಯವರು ಇದ್ದಾರೆ. 2006ರಲ್ಲಿ ಶುರುವಾದ ತಸ್ವೀರ್ ಘರ್ ಕ್ಯಾಲೆಂಡರ್, ಪೋಸ್ಟರ್, ಲೇಬಲ್ಲುಗಳನ್ನು ಡಿಜಿಟಲ್ ಮಾಡಿ ವಿದ್ವಾಂಸರ ಬರಹದೊಂದಿಗೆ ಇಟ್ಟಿದೆ. ಅನುಷಾ ಯಾದವ್ ಅವರ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಮನೆಯ ಫೋಟೋಗಳನ್ನು ಅವುಗಳ ಕಥೆಯೊಂದಿಗೆ ಕೂಡಿಸುತ್ತದೆ. ಆಂಚಲ್ ಮಲ್ಹೋತ್ರಾ ಮತ್ತು ನವಧಾ ಮಲ್ಹೋತ್ರಾ 2017ರಲ್ಲಿ ಕಟ್ಟಿದ ಮ್ಯೂಸಿಯಂ ಆಫ್ ಮಟೀರಿಯಲ್ ಮೆಮೊರಿಯಲ್ಲಿ ಕೊಡುವುದು ಕೊಳ್ಳುವುದು ಏನೂ ಇಲ್ಲ. ವಸ್ತು ಮನೆಯಲ್ಲೇ ಇರುತ್ತದೆ, ಅದರ ಫೋಟೋ ಮತ್ತು ಮನೆಯವರು ಬರೆದ ಕಥೆ ಮಾತ್ರ ಲೋಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವಿನಲ್ಲಿ ಯಾರಿಗೂ ಸಿಗುತ್ತವೆ. ಇವೆಲ್ಲದರಲ್ಲೂ ಕನ್ನಡ ಮನೆಗಳ ಪಾಲು ಇನ್ನೂ ಕಡಿಮೆ ಎಂಬುದು ನನ್ನ ಕೊರಗು. ದಸರೆಯ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆ ಯಾವ ಅಜ್ಜಿಯ ಮದುವೆಯಲ್ಲಿ ಬಂತು, ಸೆಟ್ಟಿ ಗೊಂಬೆಯ ಅಂಗಡಿಗೆ ಸಾಮಾನು ಯಾರು ಸೇರಿಸಿದರು ಎಂಬುದು ಬಾಯಿಂದ ಬಾಯಿಗೆ ಬಂದಿರುತ್ತದೆ. ಮೈಸೂರು ಸೀಮೆಯಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಅಕ್ಕರೆಯ ಸಂಗ್ರಹದ ಪದ್ಧತಿ ಇನ್ನೊಂದಿಲ್ಲ. ಅದರ ಬರಹದ ದಾಖಲೆ ಮಾತ್ರ ಎಷ್ಟು ಮನೆಗಳಲ್ಲಿದೆಯೋ.

ಹಾಗಾಗಿ ಮಾರುವವರಿಗೂ ಕೊಳ್ಳುವವರಿಗೂ ಒಂದೇ ಕೆಲಸ ಹೇಳುತ್ತೇನೆ. ಅಟ್ಟದಿಂದ ಇಳಿಸಿದ್ದನ್ನು ಫೋಟೋ ತೆಗೆದು ಬೆಲೆ ಹಾಕುವ ಮೊದಲು ಮನೆಯ ಹಿರಿಯರ ಮುಂದೆ ಇಟ್ಟು ಮಾತಾಡಿಸಿ, ಮೊಬೈಲಿನಲ್ಲೇ ಧ್ವನಿ ಹಿಡಿಯಿರಿ. ಯಾವ ಅಂಗಡಿ, ಯಾವ ವರ್ಷ, ಯಾರ ಬಾಣಂತನ, ಯಾವ ಜಾತ್ರೆ, ಅವರಿಗೆ ನೆನಪಿದ್ದಷ್ಟು. ಅದನ್ನು ನಾಲ್ಕು ಸಾಲಲ್ಲಿ ಬರೆದು ವಿವರದ ಜೊತೆ ಹಾಕಿ. ಕೊಳ್ಳುವವರು ಆ ನಾಲ್ಕು ಸಾಲನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ವಸ್ತುವಿನ ಜೊತೆಗೇ ಇಡಬೇಕು, ತಮ್ಮ ಪಟ್ಟಿಯಲ್ಲೂ ಬರೆದುಕೊಳ್ಳಬೇಕು, ಆ ಪಟ್ಟಿ ಎಲ್ಲಿದೆಯೆಂದು ಮಕ್ಕಳಿಗೆ ತಿಳಿಸಿರಬೇಕು. ಮಾರುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಎಲ್ಲಿಂದ ಬಂತೆಂದು ಗೊತ್ತಿರುವ ಪಟಕ್ಕೆ, ಸೀರೆಗೆ, ಗೊಂಬೆಗೆ ಒಳ್ಳೆಯ ಸಂಗ್ರಾಹಕರು ಹೆಚ್ಚು ಬೆಲೆಯನ್ನೇ ಕೊಡುತ್ತಾರೆ.